ರೋಗಿಗಳ ಸಭೆಗೆ ಬಂದ ಟೇಪಣ್ಣ

ಕೊರಳಲ್ಲಿ ಅಳತೆಯ ಟೇಪು ಇಲ್ಲದೆ ಅವನನ್ನು ಕಂಡವರೇ ಇಲ್ಲ. ಹಾಗಾಗಿ ಬೀದಿಗೆಲ್ಲ ಅವನು ಟೇಪಣ್ಣ. ಬಟ್ಟೆ ಹೊಲಿಯುವುದರಲ್ಲಿ ಎತ್ತಿದ ಕೈ, ಬಾಯಿಯೂ ಅಷ್ಟೇ ಜೋರು. ತನ್ನ ಲಿವರಿನ ವಿಷಯ ಬಂದರೆ ಮಾತ್ರ ತುಟಿಪಿಟಿಕ್ಕೆನ್ನುತ್ತಿರಲಿಲ್ಲ.

ಅವನದು ಸಾವಿರಾರು ಜನರಲ್ಲಿ ಒಬ್ಬರಿಗೆ ಬರುವ ಕಾಯಿಲೆ. ತಿನ್ನುವುದರಲ್ಲಿರುವ ಚೂರುಪಾರು ತಾಮ್ರವನ್ನು ಮೈ ಹೊರಹಾಕುವುದಿಲ್ಲ. ಅದು ಲಿವರಿನಲ್ಲಿ ಕೂತು, ಆಮೇಲೆ ಮಿದುಳಿಗೂ ಹೋಗುತ್ತದೆ. ಕುಡಿತಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಆದರೆ ಲಿವರ್ ಕೆಟ್ಟಿದೆ ಎಂದರೆ ಜನ ಕೇಳುವ ಮೊದಲ ಪ್ರಶ್ನೆ ಯಾವುದು, ನಿಮಗೇ ಗೊತ್ತಲ್ಲ! ಹನಿ ಹೆಂಡ ಮುಟ್ಟದ ಟೇಪಣ್ಣನಿಗೆ ಅದನ್ನು ನೆನೆದರೇ ಮೈ ಹಿಡಿಯಷ್ಟಾಗುತ್ತಿತ್ತು. ನುಂಗುವ ಮಾತ್ರೆಗಳನ್ನು ಶಕ್ತಿಯ ಮಾತ್ರೆ ಎಂದು ಮನೆಯಲ್ಲಿ ನಂಬಿಸಿದ್ದ. ಮನೆಯೆಂದರೆ ಇನ್ಯಾರು, ಒಬ್ಬ ತಂಗಿ. ಅಂಗಡಿಯಲ್ಲಿ ಗುಂಡಿ ಹೊಲಿಯುವುದು, ಗುಂಡಿ ತೂರುವ ತೂತಿಗೆ ಕಾಜಾ ಮಾಡುವುದೆಲ್ಲ ಅವಳೇ.

"ಒಡಹುಟ್ಟಿದವರು ಯಾರಾದ್ರೂ ಇದ್ದಾರಾ?" ಎಂದು ಡಾಕ್ಟರು ಮೊದಲ ದಿನವೇ ಕೇಳಿದ್ದರು.

"ಯಾರೂ ಇಲ್ಲ ಸಾರ್, ನಾನೊಬ್ಬನೇ," ಎಂದುಬಿಟ್ಟಿದ್ದ ಪುಣ್ಯಾತ್ಮ. ತಂಗಿಗೆ ಮದುವೆಯ ಮಾತು ನಡೆದಿತ್ತು. ಅವಳ ಒಳ್ಳೆಯದಕ್ಕೇ ಹೇಳಿದೆ ಎಂದು ತನಗೆ ತಾನೇ ಸಮಾಧಾನ ಮಾಡಿಕೊಂಡ. ಯಾಕೆ ಕೇಳಿದರು ಎಂದು ತಿಳಿಯುವ ಗೋಜಿಗೂ ಹೋಗಲಿಲ್ಲ.

ಈ ಕಾಯಿಲೆಯವರೂ ಅವರ ಮನೆಯವರೂ ಸೇರುವ ಸಭೆಯೊಂದಿದೆ ಬನ್ನಿ ಎಂದು ಆಸ್ಪತ್ರೆಯ ನರ್ಸಮ್ಮ ಬೆನ್ನು ಹತ್ತಿದ ಮೇಲೆ ಒಂದು ಭಾನುವಾರ ಹೋದ. ಶಾಲೆಯೊಂದರ ಊಟದ ಕೋಣೆ, ಕಿರುಗುಟ್ಟುವ ಮಡಚು ಕುರ್ಚಿಗಳು. ಬಾಗಿಲಲ್ಲಿ ರೋಗಿಗಳ ಅಂಗಿಗೆ ಹಸಿರು ಪಟ್ಟಿ, ಜೊತೆಗೆ ಬಂದವರಿಗೆ ಬಿಳಿ ಪಟ್ಟಿ ಅಂಟಿಸುತ್ತಿದ್ದರು. "ನಾನು ಜೊತೆಗೆ ಬಂದಿದ್ದೀನಿ," ಎಂದು ಬಿಳಿಯದನ್ನು ಅಂಟಿಸಿಕೊಂಡ.

ಪಕ್ಕದ ಕುರ್ಚಿಯ ಅಜ್ಜಿ ಬಿಸ್ಕತ್ತು ಕೊಟ್ಟು, "ಯಾರಿಗಪ್ಪಾ ನಿಮ್ಮನೇಲಿ?" ಎಂದಳು.

"ನಮ್ಮ ಭಾವನಿಗೆ." ಇಲ್ಲದ ಭಾವ!

"ನಿನ್ನಂಥ ಬಾಮೈದ ಸಿಗಬೇಕು ಬಿಡು," ಎಂದು ಅಜ್ಜಿ ಇನ್ನೊಂದು ಬಿಸ್ಕತ್ತು ಕೊಟ್ಟಳು. ಅವನು ಅದನ್ನು ಮೆಲ್ಲಗೆ ಜೇಬಿಗಿಳಿಸಿದ.

ಅಷ್ಟರಲ್ಲಿ ಸಭೆಗೆಂದು ಬಂದಿದ್ದ ಡಾಕ್ಟರಮ್ಮ ಮಾತು ಶುರುಮಾಡಿದರು. "ಇದು ಹುಟ್ಟಿನಿಂದ್ಲೇ ಬರೋದು. ಒಬ್ಬರಿಗಿದ್ರೆ ಅಣ್ಣ ತಮ್ಮ, ಅಕ್ಕ ತಂಗಿ ಎಲ್ಲರಿಗೂ ಪರೀಕ್ಷೆ ಮಾಡಿಸ್ಲೇಬೇಕು. ಬೇಗ ಗೊತ್ತಾದ್ರೆ ಮಾತ್ರೆಯಲ್ಲೇ ಹಿಡಿತಕ್ಕೆ ಬರುತ್ತೆ. ಹಾಗೇ ಬಿಟ್ರೆ ಕೈ ನಡುಗುತ್ತೆ, ಮಾತು ತೊದಲುತ್ತೆ. ತಡವಾದ್ರೆ ಪೂರ್ತಿ ಸರಿಹೋಗದೇನೂ ಇರಬಹುದು."

ಟೇಪಣ್ಣನಿಗೆ ತಂಗಿಯ ನೆನಪಾಯಿತು. ಕೆಲವು ತಿಂಗಳಿಂದ ತಂಗಿಯ ಕಾಜಾ ಸೊಟ್ಟಗೆ ಬರುತ್ತಿತ್ತು, ಸೂಜಿಗೆ ದಾರ ಪೋಣಿಸಲೂ ಒದ್ದಾಡುತ್ತಿದ್ದಳು. ಮೊನ್ನೆಯಷ್ಟೇ ಗಿರಾಕಿಗಳ ಎದುರು, "ಮದುವೆ ಕನಸು ಕಾಣ್ತಾ ಹೊಲೀಬೇಡ, ಕೈ ಮೇಲೆ ನಿಗಾ ಇರ್ಲಿ!" ಎಂದು ಬೈದಿದ್ದ. ಗಿರಾಕಿಗಳು ನಕ್ಕಿದ್ದರು. ಅವಳು ಎರಡೂ ಕೈಯನ್ನು ಮಡಿಲಲ್ಲಿ ಮುಚ್ಚಿಕೊಂಡಿದ್ದಳು.

ಅವನು ಎದ್ದು ನಿಂತ. "ಡಾಕ್ಟ್ರೇ, ಕೈ ನಡುಗೋಕೆ ಶುರುವಾಗಿದ್ರೆ ತಡ ಆಯ್ತಾ?"

"ಇವರ ಭಾವನಿಗಂತೆ," ಎಂದು ಅಜ್ಜಿ ಸಹಾಯಕ್ಕೆ ಬಂದಳು.

"ಭಾವ ಯಾರೂ ಇಲ್ಲ ಅಜ್ಜಿ. ಕಾಯಿಲೆ ನಂದು. ನಡುಗ್ತಿರೋದು ನನ್ನ ತಂಗಿ ಕೈ. ತಂಗೀನೇ ಇಲ್ಲ ಅಂತ ಆಸ್ಪತ್ರೇಲಿ ಸುಳ್ಳು ಹೇಳಿದ್ದೆ."

ನೆಲ ಬಾಯಿಬಿಟ್ಟಿದ್ದರೆ ಅವನು ಆಗಲೇ ಇಳಿದುಬಿಡುತ್ತಿದ್ದ, ಅಷ್ಟು ನಾಚಿಕೆ. ಡಾಕ್ಟರಮ್ಮ ಬೈಯಲಿಲ್ಲ. "ಪರೀಕ್ಷೆ ಮಾಡದೆ ಏನೂ ಹೇಳೋಕಾಗಲ್ಲ. ಸಂಜೆವರೆಗೂ ಇಲ್ಲೇ ಇರ್ತೀನಿ, ಕರ್ಕೊಂಡು ಬನ್ನಿ," ಎಂದರು.

ತಂಗಿ ಅಂಗಡಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ನಿಂತ ನಿಲುವಿನಲ್ಲೇ ಎಲ್ಲವನ್ನೂ ಹೇಳಿದ. ಅವಳು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಸ್ವಿಚ್ಚು ಆರಿಸಿದಳು.

"ನನ್ನ ಮದುವೆ ಕೆಡುತ್ತೆ ಅಂತ ಮುಚ್ಚಿಟ್ಯಾ, ಇಲ್ಲ ನಿನ್ನ ಮರ್ಯಾದೆ ಹೋಗುತ್ತೆ ಅಂತಾನಾ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ.

"ನನ್ನ ಮರ್ಯಾದೆ," ಎಂದ.

"ಕೈ ಒಂದೇ ಅಲ್ಲ ಅಣ್ಣ, ಈಗೀಗ ಕಾಲೂ ಎಡವುತ್ತೆ," ಎಂದಳು ತಂಗಿ. "ನೀನು ಬೈತೀಯ ಅಂತ ಹೇಳ್ಲಿಲ್ಲ."

ಅವಳು ಚಪ್ಪಲಿ ಮೆಟ್ಟಿಕೊಂಡು, "ಡಾಕ್ಟರು ಕಾಯ್ತಿರ್ತಾರೆ, ನಡಿ," ಎಂದು ಬೀದಿಗಿಳಿದಳು. ಅಂಗಡಿಯ ಬಾಗಿಲನ್ನೂ ಎಳೆದುಕೊಳ್ಳದೆ ಟೇಪಣ್ಣ ಅವಳ ಹಿಂದೆ ಓಡಿದ.