ಬೇರೆ ಬಣ್ಣದ ತೋಳು

ಬಂಟ್ವಾಳದಲ್ಲಿ ನಮ್ಮ ಪಕ್ಕದ ಮನೆಯ ಟೈಲರ್ ಅಕ್ಕ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತನಾಡುತ್ತಿದ್ದರು. ಯುದ್ಧ ಶುರುವಾಗಿ ಅಪ್ಪ ಕುವೈತಿನಿಂದ ಬರಿಗೈಯಲ್ಲಿ ಮರಳಿದ ವರ್ಷ, ಅಕ್ಕ ಅಮ್ಮನ ಹಳೆಯ ಹಸಿರು ಸೀರೆಯಲ್ಲಿ ಹರಿಯದೆ ಉಳಿದಷ್ಟನ್ನು ಕತ್ತರಿಸಿ ನನಗೊಂದು ಚೂಡಿದಾರ್ ಹೊಲಿದರು. ತೋಳಿಗೆ ಬಟ್ಟೆ ಸಾಲದೆ ಹಳದಿ ಪರದೆಯ ತುಂಡು ಜೋಡಿಸಿದರು. ನಾನು ಮುಖ ಊದಿಸಿಕೊಂಡೆ.

"ಬಟ್ಟೆ ಸಾಲದ್ದಲ್ಲ ಮಾರಾಯ್ತಿ, ಇದು ಡಿಸೈನ್. ಕೇಳಿದವರಿಗೆ ಹಾಗೇ ಹೇಳು."

ಯಾರ ಬಟ್ಟೆ ಕಡಿಮೆ ಬಿದ್ದರೂ ಅವರದು ಅದೇ ಮಾತು. ಕಾಲೇಜಿನಲ್ಲಿ ಕೇಳಿದವರಿಗೆಲ್ಲ ನಾನೂ ಹಾಗೇ ಹೇಳಿದೆ.

ಮುಂದಿನ ವಾರ ನಾನು ಅಕ್ಕನ ಮನೆಯಲ್ಲಿದ್ದಾಗ ಜವಳಿ ಅಂಗಡಿಯ ಧಣಿಗಳ ಮಗಳು ಹೊಚ್ಚಹೊಸ ರೇಷ್ಮೆ ಚೂಡಿದಾರ್ ಹಿಡಿದು ಬಂದಳು. "ಅಕ್ಕ, ಈ ತೋಳು ಬೇಡ. ಇವಳದ್ದರ ಹಾಗೆ ಬೇರೆ ಬಣ್ಣದ್ದು ಇಟ್ಟು ಕೊಡ್ತೀರಾ?"

ಅಕ್ಕ ನಗಲಿಲ್ಲ. ಉಳಿದಿದ್ದ ಪರದೆಯನ್ನು ಅವಳಿಗೆ ಹೊಲಿದುಕೊಟ್ಟರು.

ಬಿಚ್ಚಿದ ರೇಷ್ಮೆ ತೋಳುಗಳು ನನ್ನ ಮುಂದಿನ ಚೂಡಿದಾರಿನಲ್ಲಿ ಕಾಲೇಜಿಗೆ ಹೋದವು.