ಹದಿನೇಳನ್ನು ಹಿಂದಕ್ಕೆ ಪಡೆದ ಮೇಷ್ಟ್ರು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಯಾವ ಗ್ಯಾರೇಜಿಗೆ ಹೋಗಿ, ಸ್ಪ್ಯಾನರ್ ಹಿಡಿದವನನ್ನು ‘ಎಲ್ಲಿ ಕಲಿತದ್ದಪ್ಪ’ ಎಂದು ಕೇಳಿದರೂ, ಮೂವರಲ್ಲಿ ಒಬ್ಬನಾದರೂ ಸಂಸ್ಥೆಯ ಹೆಸರು ಹೇಳದೆ ‘ಮೊಹಿದ್ದೀನ್ ಮೇಷ್ಟ್ರ ತಾವ’ ಎನ್ನುತ್ತಾನೆ. ಮೂವತ್ತನಾಲ್ಕು ವರ್ಷ ಐಟಿಐಯ ಮೋಟಾರು ವಾಹನ ವಿಭಾಗದಲ್ಲಿ ಬೋಧಕರಾಗಿ ದುಡಿದು ಕಳೆದ ಮೇ ತಿಂಗಳಲ್ಲಿ ನಿವೃತ್ತರಾದ ಶ್ರೀ ಗುಲಾಮ್ ಮೊಹಿದ್ದೀನ್ ಅವರ ವಿದ್ವತ್ತಿಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರವನ್ನು ಯಾವ ಇಲಾಖೆಯೂ ಈವರೆಗೆ ಮುದ್ರಿಸಿಲ್ಲ. ಇಂಜಿನ್ನನ್ನು ಬಿಚ್ಚಿ ಜೋಡಿಸಬಲ್ಲವರು ಈ ಸೀಮೆಯಲ್ಲಿ ಬೇಕಾದಷ್ಟಿದ್ದಾರೆ. ತಾವೇ ಸಹಿ ಹಾಕಿದ ಕಾಗದವನ್ನು ನಾಲ್ಕು ಜನರ ಮುಂದೆ ಬಿಚ್ಚಿಟ್ಟು, ಕೆಟ್ಟಿರುವ ಭಾಗ ಇದೇ ಎಂದು ತೋರಿಸಿದವರು ಮಾತ್ರ ಅಷ್ಟಾಗಿ ಸಿಗುವುದಿಲ್ಲ.

ಶಿರಾದಲ್ಲಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಮನೆತನ ಅವರದು. ಹೊಳಪು ಮೇಲೆ ಬರಬೇಕಾದರೆ ಮೊದಲು ಒಳಗಿನ ಕಿಲುಬನ್ನು ತಿಕ್ಕಬೇಕು ಎಂಬುದನ್ನು ಬಾಲ್ಯದಲ್ಲೇ ಕಂಡವರು. ತೊಂಬತ್ತೊಂದರಲ್ಲಿ ಸೇವೆಗೆ ಸೇರಿದಾಗ ವಿಭಾಗದಲ್ಲಿ ಬಿಚ್ಚಿ ಕಲಿಯಲು ಒಂದು ಗಾಡಿಯೂ ಇರಲಿಲ್ಲವಾಗಿ, ತಮ್ಮ ಸ್ವಂತ ಸ್ಕೂಟರನ್ನೇ ತರಗತಿಗೆ ಒಪ್ಪಿಸಿದರು. ಮೂರು ವರ್ಷ ಮೂರು ತಂಡಗಳು ಅದನ್ನು ಬಿಚ್ಚಿದವು, ಜೋಡಿಸಿದವು. ಮೂರನೆಯ ತಂಡ ಜೋಡಿಸಿ ಮುಗಿಸಿದಾಗ ಎರಡು ನಟ್ಟು ಮಿಕ್ಕಿದ್ದವು. ಸ್ಕೂಟರು ಮೊದಲಿಗಿಂತ ಚೆನ್ನಾಗಿ ಓಡಿತೆಂದು ಅವರು ಹೇಳಿಕೊಂಡು ಬಂದಿದ್ದಾರೆ. ಅದರ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದ ಪತ್ನಿ ಶ್ರೀಮತಿ ಅಫ್ಜಲುನ್ನೀಸಾ ಅವರ ಅಭಿಪ್ರಾಯ ಬೇರೆ. ರಂಜಾನ್ ತಿಂಗಳಲ್ಲಿ ತಾವು ಉಪವಾಸವಿದ್ದರೂ ಹನ್ನೆರಡೂವರೆಗೆ ಸರಿಯಾಗಿ ಹುಡುಗರನ್ನು ಊಟಕ್ಕೆ ಅಟ್ಟಿ, ಅವರು ಅರ್ಧಕ್ಕೆ ಬಿಟ್ಟ ಕೆಲಸವನ್ನು ಗಾಡಿಯ ಕೆಳಗೆ ಮಲಗಿ ತಾವೇ ಮುಂದುವರಿಸುತ್ತಿದ್ದುದನ್ನು ನೆನೆಯುವ ಶಿಷ್ಯರು ಇಂದಿಗೂ ಇದ್ದಾರೆ.

ಅವರ ಬೋಧನೆಯ ಮೊದಲ ಪಾಠ ನೋಟ್‌ಬುಕ್ಕಿನದು. ಟ್ಯಾಂಕನ್ನು ಕಂಠದವರೆಗೆ ತುಂಬಿಸಿ, ಮೀಟರು ನೋಡಿ ಬರೆದು, ಓಡಿಸಿ ಬಂದು, ಮತ್ತೆ ಕಂಠದವರೆಗೆ ತುಂಬಿಸಿ, ಹಿಡಿದ ಎಣ್ಣೆಯಿಂದ ಓಡಿದ ದೂರವನ್ನು ಭಾಗಿಸಬೇಕು. ಬಂದ ಅಂಕಿ ಇಷ್ಟವಾಗಲಿ ಬಿಡಲಿ, ಬರೆಯಬೇಕು. ಈ ಪಾಠವನ್ನು ಅಕ್ಷರಶಃ ನಂಬಿದವರಲ್ಲಿ ರಾಧಾಮಣಿ ಒಬ್ಬರು. ಎರಡು ಸಾವಿರದ ಒಂಬತ್ತರಲ್ಲಿ ಆ ವಿಭಾಗಕ್ಕೆ ಸೇರಿದ ಮೊದಲ ಹುಡುಗಿ ಆಕೆ. ಹುಡುಗಿಗೆ ಬಟ್ಟೆ ಬದಲಿಸಲು ಜಾಗವಿಲ್ಲವೆಂದು ಕಚೇರಿ ಕೈಚೆಲ್ಲಿದಾಗ, ಮೇಷ್ಟ್ರು ಬಿಡಿಭಾಗಗಳ ಕೋಣೆಯನ್ನು ಖಾಲಿ ಮಾಡಿಸಿ, ಬೀಗದ ಕೈಯನ್ನು ಆಕೆಯ ಕೈಗೆ ಕೊಟ್ಟರು. ಎರಡು ವರ್ಷ ಬಿಡಿಭಾಗಗಳು ಅವರ ಮೇಜಿನ ಕೆಳಗೇ ವಾಸಿಸಿದವು.

ಮುಂದೆ ರಾಧಾಮಣಿ ಮಧುಗಿರಿಯ ಒಂದು ಟ್ರಸ್ಟಿನಲ್ಲಿ ಚಾಲಕಿಯಾದರು. ನಾಲ್ಕೂ ತಾಲ್ಲೂಕುಗಳ ಹಳ್ಳಿಗಳಿಗೆ ವ್ಯಾನಿನಲ್ಲಿ ಹೋಗಿ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವ ಟ್ರಸ್ಟು ಅದು. ಅದಕ್ಕೆ ಮೂರು ವ್ಯಾನುಗಳು. ಪ್ರತಿ ವ್ಯಾನಿಗೂ ಒಂದು ದಾಖಲೆ ಪುಸ್ತಕ. ಪುಸ್ತಕದ ಮೊದಲ ಪುಟಕ್ಕೆ ಅಂಟಿಸಿದ ಕಾಗದದಲ್ಲಿ, ಈ ಗಾಡಿ ಲೀಟರಿಗೆ ಹದಿನೇಳು ಕಿಲೋಮೀಟರು ಕೊಡತಕ್ಕದ್ದು ಎಂಬ ಒಕ್ಕಣೆ.

ಎರಡು ವ್ಯಾನುಗಳು ಕೊಡುತ್ತಿದ್ದವು, ಪುಸ್ತಕದಲ್ಲಿ. ಎಲ್ಲಿಂದ ಎಲ್ಲಿಗೆ, ಎಷ್ಟು ದೂರ ಎಂದು ಬರೆದರೆ ಸಾಕಿತ್ತು. ಮೀಟರಿನ ಅಂಕಿಗೆ ಅಲ್ಲಿ ಕಾಲಮ್ಮೇ ಇರಲಿಲ್ಲ. ಚಾಲಕರು ಮೊದಲು ಹಾಕಿಸಿದ ಡೀಸೆಲ್ ನೋಡಿ, ಅದನ್ನು ಹದಿನೇಳರಿಂದ ಗುಣಿಸಿ, ಬಂದಷ್ಟು ದೂರವನ್ನು ಗೌಡಗೆರೆಗೋ ಗೊರವನಹಳ್ಳಿಗೋ ಹಂಚುತ್ತಿದ್ದರು. ಸೇತುವೆ ರಿಪೇರಿ, ಸುತ್ತುದಾರಿ ಮೊದಲಾದವು ಉದಾರವಾಗಿ ನೆರವಾಗುತ್ತಿದ್ದವು. ಯಾರೂ ಒಂದು ಹನಿ ಕದ್ದವರಲ್ಲ. ಅದು ಆ ಕೆಲಸದ ವಾಡಿಕೆ. ರಾಧಾಮಣಿ ಮಾತ್ರ ಪುಟದ ಅಂಚಿನಲ್ಲಿ ತಾವೇ ಗೆರೆ ಎಳೆದು ಮೀಟರಿನ ಅಂಕಿ ಬರೆದರು. ಹನ್ನೆರಡು, ಹನ್ನೊಂದೂಮುಕ್ಕಾಲು, ಹನ್ನೆರಡೂಕಾಲು. ಜೊತೆಯ ಚಾಲಕ ಅನಿಲ್ ಕುಮಾರ್ ಮುಂಚೆಯೇ ಎಚ್ಚರಿಸಿದ್ದನಂತೆ: “ಅಕ್ಕಾ, ನೀನು ಗಾಡಿ ಓಡ್ಸಕ್ ಬಂದಿದ್ದೀಯೋ, ಸತ್ಯ ಹರಿಶ್ಚಂದ್ರನ ನಾಟ್ಕ ಆಡಕ್ ಬಂದಿದ್ದೀಯೋ?”

ವರ್ಷದ ಕೊನೆಯಲ್ಲಿ ಮೂರು ಪುಸ್ತಕಗಳನ್ನು ಒಟ್ಟಿಗಿಟ್ಟು ನೋಡಿದ ವ್ಯವಸ್ಥಾಪಕ ಶಂಕರಲಿಂಗಪ್ಪನವರಿಗೆ ಮೂವರಲ್ಲಿ ಕಳ್ಳರು ಯಾರೆಂಬುದರಲ್ಲಿ ಸಂಶಯವೇ ಉಳಿಯಲಿಲ್ಲ. ಸೋಮವಾರ ಬೆಳಿಗ್ಗೆ ವ್ಯಾನಿನ ಕೀ ಒಪ್ಪಿಸಬೇಕೆಂದು ಆಕೆಗೆ ಹೇಳಿಬಿಟ್ಟರು. ಇದು ಎರಡು ಸಾವಿರದ ಹತ್ತೊಂಬತ್ತರ ಮಾತು. ಡೀಸೆಲ್ ಕದ್ದವಳೆಂಬ ಹೆಸರು ಒಮ್ಮೆ ಅಂಟಿತೆಂದರೆ ಆ ನಾಲ್ಕು ತಾಲ್ಲೂಕುಗಳಲ್ಲಿ ಯಾವ ಮಾಲೀಕನೂ ಅವಳ ಕೈಗೆ ಮತ್ತೆ ಕೀ ಕೊಡುತ್ತಿರಲಿಲ್ಲ. ಶನಿವಾರ ಮಧ್ಯಾಹ್ನ ರಾಧಾಮಣಿ ಶಿರಾಕ್ಕೆ ಬಂದು ಗುರುಗಳ ಮುಂದೆ ನಿಂತರು.

“ಸಾ, ಮೀಟ್ರು ಏನ್ ತೋರುಸ್ತೈತೋ ಅದನ್ನೇ ಬರೀರಿ ಅಂತ ನೀವೇ ಅಲ್ವಾ ಹೇಳ್ಕೊಟ್ಟಿದ್ದು? ಅಂಗೇ ಬರ್ದೆ. ಈಗ ಕಳ್ಳಿ ಆಗ್ಬುಟ್ಟೆ.”

ಮೊಹಿದ್ದೀನ್ ಅವರು ಅಂದೇ ಆಕೆಯೊಡನೆ ಮಧುಗಿರಿಗೆ ಹೊರಟರು. ಬಸ್ಸಿನಲ್ಲಿ ಕುಳಿತು ತಮ್ಮ ವಾದವನ್ನು ಸಿದ್ಧಪಡಿಸಿಕೊಂಡರು: ಯಾವನೋ ಅರೆಬರೆ ಕಲಿತವನು ಕಂಪನಿಯ ಕೈಪಿಡಿಯಿಂದ ಹದಿನೇಳನ್ನು ನಕಲು ಮಾಡಿ ಕೊಟ್ಟಿರಬೇಕು, ಅಂಥವನ ಮಾತು ಕಟ್ಟಿಕೊಂಡು ಬಡವರ ಅನ್ನ ಕಸಿಯಬಾರದು. ಟ್ರಸ್ಟಿನ ಕಚೇರಿಯಲ್ಲಿ ಶಂಕರಲಿಂಗಪ್ಪನವರು ಪುಸ್ತಕ ತೆರೆದು ಮೊದಲ ಪುಟದ ಕಾಗದವನ್ನು ಮುಂದಿಟ್ಟರು. ಕೆಳಗೆ ಸಹಿ ಇತ್ತು. ಮೊಹಿದ್ದೀನ್ ಅವರಿಗೆ ಆ ಸಹಿಯನ್ನು ಗುರುತಿಸಲು ಕನ್ನಡಕ ಬೇಕಾಗಲಿಲ್ಲ.

ಆದದ್ದು ಇಷ್ಟೆ. ಎರಡು ವರ್ಷದ ಹಿಂದೆ ವ್ಯಾನುಗಳು ಬಂದಾಗ, ತಿಳಿದವರೆಂದು ಟ್ರಸ್ಟಿನವರು ಅವರಿಂದಲೇ ಒಂದು ಕಾಗದ ಬರೆಸಿಕೊಂಡಿದ್ದರು. ಮಗಳು ಉಮ್ಮೆ ಹಾನಿಯ ಮದುವೆ ಹತ್ತು ದಿನಕ್ಕಿತ್ತು. ಲಗ್ನಪತ್ರಿಕೆ ಹಂಚುತ್ತ ಮಧುಗಿರಿಗೆ ಬಂದಿದ್ದವರು, ಗಾಡಿ ಓಡಿಸಿ ನೋಡದೆ, ಕೈಪಿಡಿಯಲ್ಲಿದ್ದುದನ್ನು ಬರೆದು ಸಹಿ ಹಾಕಿ, ಶಂಕರಲಿಂಗಪ್ಪನವರಿಗೂ ಒಂದು ಪತ್ರಿಕೆ ಕೊಟ್ಟು ಹೋಗಿದ್ದರು; ಮದುವೆಯ ಗಡಿಬಿಡಿಯಲ್ಲಿ ಆ ಕಾಗದ ಮರೆತೇ ಹೋಗಿತ್ತು. ಜೀವಮಾನದಲ್ಲಿ ಅಳೆಯದೆ ಬರೆದ ಅಂಕಿ ಅದೊಂದೇ ಎಂದು ಅವರು ಹೇಳುತ್ತಾರೆ. ಅದು ಎಲ್ಲಿ ಹೋಗಿ ಕೂರಬಾರದಿತ್ತೋ ಅಲ್ಲಿಯೇ ಹೋಗಿ ಕೂತಿತ್ತು.

ತಪ್ಪೊಪ್ಪದೆ, ಗಾಡಿ ಹಳತಾಯಿತು ಎಂದೋ, ಡೀಸೆಲ್ ಕಲಬೆರಕೆ ಎಂದೋ ಒಂದು ಮಾತು ಹೇಳಿದ್ದರೆ ಅವರ ಮರ್ಯಾದೆ ಉಳಿಯುತ್ತಿತ್ತು. ಆ ಮಾತು ನಾಲಗೆಯ ತುದಿಯವರೆಗೆ ಬಂದಿತ್ತೆಂದು ಅವರೇ ಒಪ್ಪುತ್ತಾರೆ. ಬಾಗಿಲಲ್ಲಿ ರಾಧಾಮಣಿ ನಿಂತಿದ್ದರು, ಜೊತೆಗೆ ಅನಿಲ್ ಕುಮಾರನೂ. ಮೊಹಿದ್ದೀನ್ ಅವರು ತೆರೆದ ಪುಸ್ತಕವನ್ನು ಅವರಿಬ್ಬರಿಗೂ ಕಾಣುವಂತೆ ಎತ್ತಿ ಹಿಡಿದರು.

“ಈ ಹದಿನೇಳು ನಂದು. ನೋಡ್ದೆ ಬರ್ದಿದ್ದು. ಈ ಹುಡುಗಿ ಹನ್ನೆರಡು ನೋಡಿ ಬರ್ದಿದ್ದು. ಕೀ ಕಿತ್ಕೋಬೇಕು ಅಂದ್ರೆ ಮೊದ್ಲು ನನ್ ಕೈಲಿರೋ ಪೆನ್ನು ಕಿತ್ಕೊಳ್ಳಿ.”

ಶಂಕರಲಿಂಗಪ್ಪನವರು ಕೆಟ್ಟವರಲ್ಲ, ಲೆಕ್ಕದ ಮನುಷ್ಯ. ಪುಸ್ತಕದ ಮೇಲೆ ಬೆರಳಿಟ್ಟು ಕೇಳಿದರು: “ಸರಿ ಮೇಷ್ಟ್ರೇ. ಮಿಕ್ಕ ಐದು ಕಿಲೋಮೀಟ್ರು ಎಲ್ಲೋಯ್ತು? ಆವಿ ಆಗೋಯ್ತಾ?”

ಉತ್ತರವನ್ನು ಬಾಯಲ್ಲಿ ಹೇಳುವುದಿಲ್ಲ, ತೋರಿಸುತ್ತೇನೆ, ತಾವೂ ವ್ಯಾನಿನಲ್ಲಿ ಕೂರಬೇಕು ಎಂದರು ಮೇಷ್ಟ್ರು. ಸೋಮವಾರ ಬೆಳಿಗ್ಗೆ ಕೀ ಒಪ್ಪಿಸುವ ಹೊತ್ತಿಗೆ ಸರಿಯಾಗಿ ರಾಧಾಮಣಿ ಬಂಕಿನಲ್ಲಿ ಕಂಠದವರೆಗೆ ಡೀಸೆಲ್ ತುಂಬಿಸುತ್ತಿದ್ದರು. ಪಾವಗಡದ ಆಚೆಯ ಹಳ್ಳಿಯೊಂದರಲ್ಲಿ ಅಂದು ಶಿಬಿರ. ಎಂದಿನಂತೆಯೇ ಡಾಕ್ಟರು, ಇಬ್ಬರು ಸಹಾಯಕರು, ಕನ್ನಡಕದ ಪೆಟ್ಟಿಗೆಗಳು. ಮೇಲಿನ ಕ್ಯಾರಿಯರಿನಲ್ಲಿ ಮೇಜು, ಕುರ್ಚಿ, ಶಾಮಿಯಾನ.

ಕೈಪಿಡಿಯ ಅಂಕಿ ಸುಳ್ಳಲ್ಲ ಎಂದು ಮೇಷ್ಟ್ರು ದಾರಿಯಲ್ಲಿ ವಿವರಿಸಿದರು. ಅದು ಬೇರೆ ಲೋಕದ ನಿಜ. ಅಲ್ಲಿ ಗಾಡಿಯನ್ನು ಕೋಣೆಯೊಳಗೆ ಉರುಳೆಗಳ ಮೇಲೆ ನಿಲ್ಲಿಸಿ, ಗೊತ್ತುಮಾಡಿದ ವೇಗದಲ್ಲಿ ಸುಮಾರು ಇಪ್ಪತ್ತು ನಿಮಿಷ ಚಕ್ರ ತಿರುಗಿಸುತ್ತಾರೆ. ಅಲ್ಲಿ ಏರಿಲ್ಲ, ಹಂಪಿಲ್ಲ, ಎದುರುಗಾಳಿಯಿಲ್ಲ, ಏಸಿ ಹಾಕುವುದಿಲ್ಲ, ಅಡ್ಡ ಬರುವ ಎಮ್ಮೆಯಿಲ್ಲ. ಎಲ್ಲ ಕಂಪನಿಯ ಗಾಡಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಅದು ಬೇಕು. ಈ ಗಾಡಿಗಿಂತ ಆ ಗಾಡಿ ಮೇಲೋ ಎಂದು ತಿಳಿಯಲು ಆ ಅಂಕಿ ಸಾಕು. ಪಾವಗಡಕ್ಕೆ ಹೋಗಿಬರಲು ಎಷ್ಟು ಎಣ್ಣೆ ಬೇಕೆಂದು ತಿಳಿಯಲು ಪಾವಗಡಕ್ಕೇ ಹೋಗಬೇಕು.

ಬಿಸಿಲು ಏರಿತು. ಶಂಕರಲಿಂಗಪ್ಪನವರು ಕರವಸ್ತ್ರದಿಂದ ಕತ್ತು ಒರೆಸಿಕೊಂಡು, ಏಸಿ ಒಸಿ ಜಾಸ್ತಿ ಮಾಡಮ್ಮ ಎಂದರು. ಮೇಷ್ಟ್ರು ನೋಟ್‌ಬುಕ್ ತೆಗೆದು ಬರೆದುಕೊಂಡರು. ಹೊತ್ತಾಯಿತು, ಒಂಚೂರು ಜೋರಾಗಿ ಹೋಗು ಎಂದರು ವ್ಯವಸ್ಥಾಪಕರು. ಮೇಷ್ಟ್ರು ಅದನ್ನೂ ಬರೆದುಕೊಂಡರು. ಕಾಫಿ ಕುಡಿಯುವಾಗ ಗಾಡಿ ತಣ್ಣಗಿರಲಿ, ಆಫ್ ಮಾಡಬೇಡ ಎಂದಾಗ ಮೇಷ್ಟ್ರು ಪುಟ ತಿರುವಬೇಕಾಯಿತು. ಅಲ್ಲಿಂದ ಮುಂದೆ ಶಂಕರಲಿಂಗಪ್ಪನವರು ಬೆವರುತ್ತಲೇ ಕುಳಿತಿದ್ದರು.

ಶಿಬಿರದಲ್ಲಿ ಕರೆಂಟಿರಲಿಲ್ಲ. ಕಣ್ಣು ನೋಡುವ ಯಂತ್ರ ನಡೆಯಬೇಕಾದರೆ ವ್ಯಾನಿನ ಇಂಜಿನ್ ನಡೆಯಬೇಕು. ಅದು ನಿಂತಲ್ಲೇ ಒಂದೂವರೆ ಗಂಟೆ ಗುಡುಗುಡು ಎಂದಿತು. ಸರದಿಗಾಗಿ ಕೂತಿದ್ದ ಸಣ್ಣಕ್ಕ ಎಂಬ ಮುದುಕಿ, ಪಕ್ಕದಲ್ಲಿದ್ದ ಶಂಕರಲಿಂಗಪ್ಪನವರನ್ನು ವಿಚಾರಿಸಿದಳು: “ಇದೇನಪ್ಪ, ನಿಂತಿದ್ರೂ ಗುರ್ ಅಂತೈತೆ. ಒಂದೆಜ್ಜೆನೂ ಓಗ್ಲಿಲ್ಲ. ಇದ್ಕೆ ಮೇವು ಬ್ಯಾಡ್ವಾ?”

ಈ ಸಲ ಶಂಕರಲಿಂಗಪ್ಪನವರೇ ನೋಟ್‌ಬುಕ್ ಕೇಳಿ ಪಡೆದು ಬರೆದುಕೊಂಡರು.

ಸಂಜೆ ಅದೇ ಬಂಕಿನಲ್ಲಿ ಮತ್ತೆ ಕಂಠದವರೆಗೆ ತುಂಬಿಸಿದಾಗ ಹತ್ತು ಲೀಟರು ಆರುನೂರು ಮಿಲಿ ಹಿಡಿಯಿತು. ಓಡಿದ್ದು ನೂರಿಪ್ಪತ್ತೆಂಟು ಕಿಲೋಮೀಟರು. ಭಾಗಿಸಿದಾಗ ಹನ್ನೆರಡರ ಮೇಲೆ ಚೂರು ಬಂತು. ಮರುದಿನ ಕ್ಯಾರಿಯರು ಇಳಿಸಿ, ಟೈರಿಗೆ ಸರಿಯಾಗಿ ಗಾಳಿ ತುಂಬಿಸಿ, ಏಸಿ ಮುಟ್ಟದೆ, ಶಿರಾದ ಹೆದ್ದಾರಿಯಲ್ಲಿ ಅರವತ್ತರ ವೇಗಕ್ಕೆ ಮೀರದೆ ಅದೇ ಗಾಡಿಯನ್ನು ಖಾಲಿ ಓಡಿಸಿದಾಗ ಹದಿನಾರಕ್ಕೆ ಹತ್ತಿರ ಬಂತು. ಇಂಜಿನ್ ಸರಿಯಾಗಿತ್ತು. ಚಾಲಕಿಯೂ ಸರಿಯಾಗಿದ್ದರು. ಹಾಗಾದರೆ ಮಿಕ್ಕ ಎರಡು ಗಾಡಿಗಳು ಹೇಗೆ ಹದಿನೇಳು ಕೊಟ್ಟವೆಂದು ಶಂಕರಲಿಂಗಪ್ಪನವರು ಅನಿಲ್ ಕುಮಾರನ ವ್ಯಾನಿನ ಮೀಟರು ನೋಡಿದರು. ಪುಸ್ತಕದ ಪ್ರಕಾರ ಅದು ಆ ವರ್ಷ ಐದು ಸಾವಿರ ಕಿಲೋಮೀಟರು ಹೆಚ್ಚು ಓಡಿತ್ತು. ಮೀಟರಿಗೆ ಮಾತ್ರ ಈ ವಿಷಯ ತಿಳಿದಿರಲಿಲ್ಲ.

“ಕಾಗ್ದುದಲ್ಲಿ ಹದಿನೇಳು ಅಂತಿತ್ತು ಸಾ,” ಎಂದ ಅನಿಲ್ ಕುಮಾರ್, ನೆಲ ನೋಡುತ್ತ. “ದೊಡ್ಡೋರು ಸೈನ್ ಆಕವ್ರೆ. ನಾವು ಮರ್ಯಾದೆ ಕೊಟ್ವಿ.”

ಈ ಮಾತು ತಮ್ಮ ಮೂವತ್ತನಾಲ್ಕು ವರ್ಷಗಳಲ್ಲಿ ಕೇಳಿದ ಅತ್ಯಂತ ಕಠಿಣ ಟೀಕೆ ಎಂದು ಮೊಹಿದ್ದೀನ್ ಅವರು ಹೇಳುವುದುಂಟು. ಹಳೆಯ ಪುಸ್ತಕಗಳನ್ನು ಕಟ್ಟಿ ಅಟ್ಟಕ್ಕೆ ಹಾಕಬೇಕು, ಯಾರನ್ನೂ ದಂಡಿಸಬಾರದು, ಸುಳ್ಳನ್ನು ಬರೆಯಿಸಿದ ಕಾಗದ ತಮ್ಮದು ಎಂದು ಅವರು ಕೇಳಿಕೊಂಡರು. ಶಂಕರಲಿಂಗಪ್ಪನವರು ಕೀಯನ್ನು ರಾಧಾಮಣಿಯವರ ಕೈಗೆ ಎಲ್ಲರೆದುರು ಹಿಂದಿರುಗಿಸಿದರು. ಮೊದಲ ಪುಟದ ಕಾಗದವನ್ನು ಮೇಷ್ಟ್ರೇ ನೀರು ಹಚ್ಚಿ, ಹರಿಯದಂತೆ, ನಿಧಾನವಾಗಿ ಕಿತ್ತರು. ಆ ಜಾಗದಲ್ಲಿ ಒಂದು ಅಂಕಿಯ ಬದಲು ಹನ್ನೊಂದು ದಾರಿಗಳ ಪಟ್ಟಿ ಬಂತು. ಪಾವಗಡದ ಏರಿಗೊಂದು, ಗೊರವನಹಳ್ಳಿ ಗುಡಿಯ ಶುಕ್ರವಾರದ ಜನಸಂದಣಿಗೊಂದು, ಹೆದ್ದಾರಿಗೊಂದು, ನಿಂತಲ್ಲಿ ಉರಿಯುವ ಗಂಟೆಗೊಂದು.

ಇಂದು ಆ ಟ್ರಸ್ಟಿನ ಆರು ವ್ಯಾನುಗಳ ಉಸ್ತುವಾರಿ ರಾಧಾಮಣಿಯವರದು. ಹೊಸ ಚಾಲಕರಿಗೆ ಪುಸ್ತಕ ಬರೆಯುವುದನ್ನು ಕಲಿಸುವವರು ಅನಿಲ್ ಕುಮಾರ್; ಆ ಕೆಲಸದ ಒಳಹೊರಗು ಅವರಷ್ಟು ಬಲ್ಲವರು ಬೇರೆ ಇಲ್ಲ. ನಿವೃತ್ತರಾದ ಮೊಹಿದ್ದೀನ್ ಅವರು ಪ್ರತಿ ಶನಿವಾರ ಶಿಷ್ಯೆ ಓಡಿಸುವ ವ್ಯಾನಿನ ಎಡಗಡೆ ಸೀಟಿನಲ್ಲಿ ಕುಳಿತು ಇನ್ನೊಂದು ಹೊಸ ದಾರಿಯನ್ನು ಅಳೆದು ಬರುತ್ತಾರೆ. ಪಟ್ಟಿ ಈಗ ನಲವತ್ತಮೂರು ದಾರಿಗಳಿಗೆ ಬೆಳೆದಿದೆ. ನಾಲ್ಕು ತಾಲ್ಲೂಕುಗಳಲ್ಲಿ ದಾರಿಗಳಿಗೇನೂ ಬರವಿಲ್ಲ.

ಇಂಥ ಲೇಖನದ ಕೊನೆಯಲ್ಲಿ ನೂರು ವರ್ಷ ಬಾಳಲಿ ಎಂದು ಹಾರೈಸುವುದು ರೂಢಿ. ಆ ನೂರು ಕೂಡ ಹಿರಿಯರು ಏರು, ಹಂಪು, ಎದುರುಗಾಳಿಗಳನ್ನು ಲೆಕ್ಕಕ್ಕೆ ಹಿಡಿಯದೆ ಬರೆದಿಟ್ಟ ಅಂಕಿ ಎಂಬುದು ಮೊಹಿದ್ದೀನ್ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೇಷ್ಟ್ರೆಂಬ ಈ ಒಂದು ಗಾಡಿಯ ವಿಷಯದಲ್ಲಿ ಮಾತ್ರ ಕಾಗದದ ಅಂಕಿಯೇ ದಾರಿಯ ಮೇಲೂ ಬರಲಿ. ಅದರ ಮೇಲೆ ಎಷ್ಟು ಬಂದರೂ, ಮೀಟರು ನೋಡಿ ಸಂತೋಷದಿಂದ ಬರೆದುಕೊಳ್ಳಲು ಶಿಷ್ಯರಿದ್ದಾರೆ.