ಅಂಗಳದ ತರಗೆಲೆ

ನಮ್ಮ ಬಸವೇಶ್ವರನಗರದ ಬೀದಿಯಲ್ಲಿ ಒಂದು ಮನೆಯ ಯೋಗಕ್ಷೇಮ ತಿಳಿಯಲು ಒಳಗೆ ಹೋಗಿ ವಿಚಾರಿಸಬೇಕಾಗಿಲ್ಲ. ಗೇಟಿನಿಂದ ಅಂಗಳ ನೋಡಿದರೆ ಸಾಕು. ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಇಟ್ಟಿದ್ದರೆ ಎಲ್ಲರೂ ಚೆನ್ನಾಗಿದ್ದಾರೆ. ಬಿಸಿಲೇರಿದರೂ ರಂಗೋಲಿ ಇಲ್ಲದಿದ್ದರೆ ಯಾರಿಗೋ ಜ್ವರ. ರಂಗೋಲಿಯೂ ಇಲ್ಲ, ಮೇಲೆ ಕಸವೂ ಬಿದ್ದಿದೆ ಎಂದರೆ... ಆ ಮಾತು ಬೇಡ, ಬಿಡ್ತು ಅನ್ನಿ.

ಇಂಥ ಬೀದಿಯಲ್ಲಿದ್ದುಕೊಂಡು ನಾನು ಅಂಗಳದ ತುಂಬ ಬೇಕೆಂದೇ ತರಗೆಲೆ ಹಾಸಲು ಹೊರಟೆ. ಏಕೆಂದು ಹೇಳುತ್ತೇನೆ. ನಗುವುದಿದ್ದರೆ ನಗಿ, ನಮ್ಮ ಮನೆಯವರು ಆಗಲೇ ನಕ್ಕು ಮುಗಿಸಿದ್ದಾರೆ.

ಅಂಗಳ ಎಂದ ತಕ್ಷಣ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಒಂದು ಕಾರು ನಿಲ್ಲಿಸಿದರೆ ಮನೆಯವರು ಅಡ್ಡಡ್ಡ ತಿರುಗಿ ಓಡಾಡಬೇಕು, ಅಷ್ಟೇ ಜಾಗ. ಅದರ ಮೂಲೆಯಲ್ಲಿ, ಮನೆ ಕಟ್ಟಿಸಿದ ವರ್ಷ ನಮ್ಮತ್ತೆ ನೆಟ್ಟ ಸಂಪಿಗೆ ಮರ ಇದೆ. ಮಿಕ್ಕಿದ್ದೆಲ್ಲ ಸಿಮೆಂಟು. ಮನೆ ಮುಂದೆ ಮಣ್ಣು ಕಂಡರೆ ಬಡತನ ಕಂಡಂತೆ ನಾಚುತ್ತಿದ್ದ ಕಾಲದಲ್ಲಿ ಎಲ್ಲರಂತೆ ನಾವೂ ಹಾಕಿಸಿದ್ದು. ಗಾರೆಯವನು ಮರದ ಬುಡಕ್ಕೆ ಊಟದ ತಟ್ಟೆಯಷ್ಟು ಮಣ್ಣು ಬಿಟ್ಟು ಉಳಿದದ್ದನ್ನು ನುಣ್ಣಗೆ ಸವರಿ ಹೋಗಿದ್ದ. ಮರ ಬಹಳ ವರ್ಷ ಸೈರಿಸಿಕೊಂಡಿತು. ಬೋರ್‌ವೆಲ್ ಬತ್ತಿ, ಟ್ಯಾಂಕರ್ ನೀರನ್ನು ಚೊಂಬಿನಲ್ಲಿ ಅಳೆದು ಬಳಸುವ ಬೇಸಿಗೆ ಬಂದಾಗ ಅದರ ತುದಿ ಒಣಗತೊಡಗಿತು, ಹೂ ನಿಂತಿತು. ಮಳೆಗಾಲ ಮುಗಿಯುವುದರೊಳಗೆ ಚಿಗುರದಿದ್ದರೆ ತೆಗೆಸಿಬಿಡೋಣ, ಶೆಡ್ ಹಾಕಿ ಕಾರು ಒಳಗೆ ನಿಲ್ಲಿಸೋಣ ಎಂದು ನಮ್ಮ ಯಜಮಾನರು ತೀರ್ಪು ಕೊಟ್ಟರು. ಅತ್ತೆ ದೇವರ ಮನೆಯ ಹೂಬುಟ್ಟಿಯನ್ನು ಬೋರಲು ಹಾಕಿಟ್ಟರು, ಅಷ್ಟೇ. ಆ ಬೋರಲು ಬುಟ್ಟಿ ನೋಡಿ ನನಗೆ ಹಟ ಬಂತು. ಏನಾದರಾಗಲಿ, ಈ ಮರವನ್ನು ಸಾಯಲು ಬಿಡುವುದಿಲ್ಲ ಅಂದುಕೊಂಡೆ.

ಹಟ ಬಂದವರು ಈಗೆಲ್ಲ ಮಾಡುವುದನ್ನೇ ನಾನೂ ಮಾಡಿದೆ, ಮೊಬೈಲಿನಲ್ಲಿ ವಿಡಿಯೊ ನೋಡಿದೆ. ಉದ್ಯಾನ ವಿನ್ಯಾಸಕರೆಂಬ ಹೊಸ ಪಂಡಿತರ ಪ್ರಕಾರ, ಮುಂದಿನ ದಿನಗಳನ್ನು ತಾಳಿಕೊಳ್ಳಬೇಕಾದ ತೋಟ ಚೆಂದ ಕಾಣುವ ಮೊದಲು ನೀರು ಕುಡಿಯಲು ಕಲಿಯಬೇಕು. ಸಿಮೆಂಟು ಕಿತ್ತು, ಸಂದು ಬಿಟ್ಟು ಕಲ್ಲು ಹಾಸಬೇಕು. ತಾರಸಿಯ ಮಳೆನೀರನ್ನು ಬೀದಿಗೆ ಓಡಿಸದೆ ತಗ್ಗಿಗೆ ಇಳಿಸಬೇಕು. ಈ ಊರಿನ ಬಿಸಿಲು ಗೊತ್ತಿರುವ ಗಿಡಗಳನ್ನೇ ನೆಡಬೇಕು. ಮಣ್ಣಿಗೆ ತರಗೆಲೆಯ ಹೊದಿಕೆ ಹೊದಿಸಬೇಕು. ಕೇಳುತ್ತ ಕೇಳುತ್ತ ಇದನ್ನೆಲ್ಲೋ ಕಂಡಹಾಗಿದೆಯಲ್ಲ ಅನ್ನಿಸಿತು. ಬಚ್ಚಲ ನೀರು ಬಾಳೆಗೆ, ಅಕ್ಕಿ ತೊಳೆದ ನೀರು ಕರಿಬೇವಿಗೆ, ಕಸಕಡ್ಡಿ ತಿಪ್ಪೆಗೆ. ಅಯ್ಯೋ, ಇದು ನಮ್ಮಜ್ಜಿಯರ ಹಿತ್ತಲು! ಹಿತ್ತಲ ಗಿಡ ಮದ್ದಲ್ಲ ಎಂದು ನಾವು ಅದನ್ನು ಕೈಬಿಟ್ಟೆವು. ಈಗ ಅದು ಬಡ್ತಿ ಪಡೆದು ಮನೆಯ ಮುಂಭಾಗಕ್ಕೆ ಬರುತ್ತಿದೆ. ನಡುವೆ ಬಡಾವಣೆಗೇ ಹುಲ್ಲುಹಾಸಿನ ಹುಚ್ಚು ಬೇರೆ ಹಿಡಿದಿತ್ತು. ವರ್ಷವಿಡೀ ಮಳೆ ಜಿನುಗುವ ದೇಶದವರು ಇಲ್ಲಿ ಬಂಗಲೆ ಕಟ್ಟಿ ಹುಲ್ಲು ಬೆಳೆಸಿದರೆಂದು ನಾವೂ ಟ್ಯಾಂಕರ್ ತರಿಸಿ ಹುಲ್ಲಿಗೆ ಕುಡಿಸಿದೆವು. ತಾನಾಗಿ ಬೆಳೆಯುತ್ತಿದ್ದ ಗರಿಕೆಯನ್ನು ಕಳೆಯೆಂದು ಕಿತ್ತೆಸೆದು, ಗಣೇಶನ ಹಬ್ಬಕ್ಕೆ ವಿಜಯನಗರದ ಮಾರುಕಟ್ಟೆಯಲ್ಲಿ ಚೌಕಾಸಿ ಮಾಡಿ ಅದನ್ನೇ ಕೊಂಡೆವು. ಇಷ್ಟಾದರೂ ನಮ್ಮದು ವಿದ್ಯಾವಂತರ ಬಡಾವಣೆ.

ಯಜಮಾನರ ಗೊಣಗಾಟದ ನಡುವೆಯೇ ಸಿಮೆಂಟು ಒಡೆಸಿದೆ. ಮರದ ಸುತ್ತ ತಗ್ಗು ತೋಡಿಸಿ, ತಾರಸಿಯ ಪೈಪನ್ನು ಅದರತ್ತ ತಿರುಗಿಸಿದೆ. ಇನ್ನು ತರಗೆಲೆ. ಶ್ರೀಗಂಧದ ಕಾವಲು ಬಡಾವಣೆಯಲ್ಲಿರುವ ತಂಗಿಯನ್ನು ಕೇಳಿದರೆ, ಇಲ್ಲಿ ಗಂಧವೂ ಇಲ್ಲ ಕಾವಲೂ ಇಲ್ಲ, ತರಗೆಲೆಗೆ ಎಲ್ಲಿ ಹೋಗಲಿ ಎಂದು ನಕ್ಕಳು. ಕೊನೆಗೆ ಪಾರ್ಕಿನಲ್ಲಿ ಗುಡಿಸಿ ಗುಡ್ಡೆ ಹಾಕಿದ್ದ ಎಲೆಯನ್ನು ಕೇಳಿ ಪಡೆದು, ಮೂಟೆ ಹೊತ್ತು ಮನೆಗೆ ಬಂದೆ. ದಾರಿಯಲ್ಲಿ ಗುರುತಿನವರು ಕಂಡರೂ ಕಾಣದಂತೆ ನಡೆದರು.

ಸಂಜೆ ಹಾಸಿದ ಎಲೆ ಬೆಳಿಗ್ಗೆ ಇರಲಿಲ್ಲ. ನಾನು ಏಳುವಷ್ಟರಲ್ಲಿ ಅತ್ತೆ ಒಂದೂ ಬಿಡದೆ ಗುಡಿಸಿ, ಕಸದ ಗಾಡಿಗೆ ಕೊಟ್ಟು, ಹಸಿಮಣ್ಣಿನ ಮೇಲೆ ರಂಗೋಲಿ ಇಟ್ಟಿದ್ದರು. ಮತ್ತೆ ತಂದು ಹಾಸಿದೆ, ಮತ್ತೆ ಗುಡಿಸಿದರು. ಮರ ಉಳಿಯಲೆಂದು ಇಬ್ಬರಿಗೂ ಆಸೆ, ಆದರೂ ಈ ಯುದ್ಧ ನಿಲ್ಲಲಿಲ್ಲ. ಇಬ್ಬರೂ ಇದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಅತ್ತೆ ಸೊಸೆಯರ ಮರ್ಯಾದೆ ಎಂದರೆ ಅದೇ ತಾನೇ. ಕಡೆಗೆ ನಾನು ಪೊರಕೆಯನ್ನು ಬೀರುವಿನ ಹಿಂದೆ ಬಚ್ಚಿಟ್ಟೆ. ಮರುದಿನ ಅತ್ತೆ ಪೊರಕೆ ಹುಡುಕಿದರು, ಸಿಗಲಿಲ್ಲ. ರಂಗೋಲಿ ಡಬ್ಬಿಯನ್ನು ಮುಚ್ಚಿಟ್ಟು ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿದರು.

ಸ್ವಲ್ಪ ಹೊತ್ತಿಗೆಲ್ಲ ಎದುರುಮನೆಯ ಪದ್ಮಾ ಬಂದಳು. ಕೈಯಲ್ಲಿ ಕಾಫಿ ತುಂಬಿದ ದೊಡ್ಡ ಸ್ಟೀಲ್ ಫ್ಲಾಸ್ಕು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ನೆರೆಯವರು ತರುತ್ತಾರಲ್ಲ, ಹಾಗೆ. ಚಪ್ಪಲಿಯನ್ನು ಗೇಟಿನಾಚೆಯೇ ಬಿಟ್ಟು ಬಂದು ನನ್ನ ಕೈ ಹಿಡಿದುಕೊಂಡು ಪಿಸುಗುಟ್ಟಿದಳು: "ಯಾವಾಗ ಹೋಗಿದ್ದು ಆಂಟಿ? ನಿನ್ನೆ ಸಂಜೆ ಚೆನ್ನಾಗೇ ಇದ್ರಲ್ಲ."

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಒಳಗಿನಿಂದ ಬಂದು ಹೊಸಿಲಲ್ಲಿ ನಿಂತರು. "ಎಲ್ಲಿಗೂ ಹೋಗಿಲ್ಲ ಕಣೇ, ಇಲ್ಲೇ ಇದೀನಿ. ಕಾಫಿ ಬಿಸಿ ಇದ್ಯಾ?"

ಪದ್ಮಾಳ ಮುಖ ನೋಡಬೇಕಿತ್ತು ನೀವು. ಫ್ಲಾಸ್ಕು ನನ್ನ ಕೈಗೆ ತುರುಕಿ ಓಟ ಕಿತ್ತಳು. ಅತ್ತೆ ಆ ಕಾಫಿಯನ್ನು ನಿಧಾನವಾಗಿ ಕುಡಿದರು, ಇನ್ನೂ ಸ್ವಲ್ಪ ಹಾಕಿಸಿಕೊಂಡರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರು ನಗಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ, ನಾನು ಕೇಳದೆಯೇ ಹೇಳಿದರು:

"ನನ್ ಕೈಲಿ ಈಗ ಇನ್ನೇನೂ ಆಗಲ್ಲ. ಬೆಳಿಗ್ಗೆ ಒಂದು ರಂಗೋಲಿ ಇಟ್ರೆ, ಮುದುಕಿ ಇನ್ನೂ ಇದಾಳೆ ಅಂತ ಬೀದಿಗೆ ಗೊತ್ತಾಗುತ್ತೆ. ಅದನ್ನೂ ಎಲೆ ಹಾಕಿ ಮುಚ್ಚಿಬಿಟ್ರೆ ಹೇಗೆ ಹೇಳು?"

ನನ್ನ ನಗು ಎಲ್ಲಿ ಹೋಯಿತೋ. ನಾನು ನೋಡಿದ ವಿಡಿಯೊಗಳಲ್ಲಿ ಎರೆಹುಳುವಿಗೆ ಜಾಗವಿತ್ತು, ಜೇನಿಗೆ ಜಾಗವಿತ್ತು. ಒಬ್ಬ ಅಜ್ಜಿಯ ರಂಗೋಲಿಗೆ ಇರಲಿಲ್ಲ. ಮುಂದಿನ ಕಾಲವನ್ನು ತಾಳಿಕೊಳ್ಳುವ ತೋಟವಂತೆ! ಮನೆಯಲ್ಲಿರುವವರೇ ಒಪ್ಪದ ತೋಟ ಮುಂದಿನ ವಾರವನ್ನೂ ತಾಳುವುದಿಲ್ಲ. ಪೊರಕೆಯನ್ನು ತಂದು ಅವರ ಮುಂದಿಟ್ಟೆ. ಬಟ್ಟೆ ಒಗೆಯುವ ಹಳೆಯ ಚಪ್ಪಡಿ ಕಲ್ಲು ಮನೆಯ ಹಿಂದೆ ಸುಮ್ಮನೆ ಬಿದ್ದಿತ್ತು. ಅದನ್ನು ಗೇಟಿನೊಳಗೆ, ಬೀದಿಗೆ ಚೆನ್ನಾಗಿ ಕಾಣುವಂತೆ ಕೂರಿಸಿದೆವು. ಕಲ್ಲು ಅವರದು, ಅದರಾಚೆ ಎಲೆಯದು. ಇಷ್ಟು ಒಪ್ಪಂದವಾದ ಮೇಲೆ ಅತ್ತೆ ಗುಡಿಸುವುದನ್ನೇನೂ ಬಿಡಲಿಲ್ಲ. ಆದರೆ ಮೊದಲು ಮರದಿಂದ ಗೇಟಿನ ಕಡೆಗೆ ಗುಡಿಸುತ್ತಿದ್ದವರು, ಈಗ ಗೇಟಿನಿಂದ ಮರದ ಕಡೆಗೆ ಗುಡಿಸತೊಡಗಿದರು. ಬೀದಿಯಲ್ಲಿ ಬಿದ್ದ ಹೊಂಗೆಯ ಎಲೆಯನ್ನೂ ಒಳಗೆಳೆದುಕೊಳ್ಳುತ್ತಿದ್ದರು. ಕಸದ ಗಾಡಿಯವನಿಗೆ ನಮ್ಮ ಮನೆಯಿಂದ ಒಂದು ಎಲೆಯೂ ಸಿಗದಂತಾಯಿತು.

ಮೊದಲ ದೊಡ್ಡ ಮಳೆ ಬಂದ ಸಂಜೆ ನಾವು ಮೂವರೂ ಕಿಟಕಿಗೆ ಮುಖವಿಟ್ಟು ನಿಂತಿದ್ದೆವು. ಹಿಂದೆಲ್ಲ ನಮ್ಮ ತಾರಸಿಯ ನೀರು ಶಾಲೆ ಬಿಟ್ಟ ಮಕ್ಕಳಂತೆ ಬೀದಿಗೆ ಓಡುತ್ತಿತ್ತು. ಈ ಸಲ ತಗ್ಗಿನಲ್ಲಿ ತುಂಬಿ, ತರಗೆಲೆಗಳನ್ನು ಎತ್ತಿ ತೇಲಿಸಿ, ನಿಧಾನವಾಗಿ ಇಳಿಯಿತು. ಕಾರಿನ ಗಾಜು ನೋಡಿಬರುತ್ತೇನೆಂದು ಕೊಡೆ ಹಿಡಿದು ಹೋದ ಯಜಮಾನರು ಮರದ ಬುಡದಲ್ಲೇ ಬಹಳ ಹೊತ್ತು ನಿಂತಿದ್ದರು.

ಶ್ರಾವಣಕ್ಕೆ ಮುಂಚೆಯೇ ಕೆಳಗಿನ ರೆಂಬೆಗಳು ಚಿಗುರಿದವು. ತುದಿ ಒಣಗಿದ್ದು ಒಣಗಿದ್ದೇ. ಎಲ್ಲವೂ ಹಿಂದಿರುಗಿ ಬರುವುದಿಲ್ಲ. ಕಾರಿಗೆ ಒಂದು ಕವರ್ ಹೊದಿಸಿದರೆ ಸಾಕಲ್ಲವೇ ಎಂದು ಯಜಮಾನರು ತಾವೇ ಕಂಡುಹಿಡಿದವರಂತೆ ಹೇಳಿದರು. ನಾನು, ಎಂಥ ಒಳ್ಳೆಯ ಯೋಚನೆ ಎಂದೆ.

ಪದ್ಮಾಳ ಫ್ಲಾಸ್ಕು ಮಾತ್ರ ಇಷ್ಟು ದಿನವೂ ನಮ್ಮ ಅಡುಗೆಮನೆಯಲ್ಲೇ ಇತ್ತು. ಅವಳಿಗೆ ಕೇಳಲು ನಾಚಿಕೆ. ಕೊಟ್ಟುಬರುತ್ತೇನೆ ಎಂದಾಗಲೆಲ್ಲ ಅತ್ತೆ ತಡೆಯುತ್ತಿದ್ದರು. ಪರರ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸಬಾರದು. ಸಕ್ಕರೆ ಹಾಕಲೇ ಎಂದರೆ ಬೇಡ, ಚಕ್ಕುಲಿ ಹಾಕಲೇ ಎಂದರೆ ಬೇಡ. ಮೊನ್ನೆ ಬೆಳಿಗ್ಗೆ ಎದ್ದಾಗ ದೇವರ ಮನೆಯ ಬುಟ್ಟಿ ನೆಟ್ಟಗೆ ನಿಂತಿತ್ತು, ಒಳಗೆ ಬೆರಳೆಣಿಕೆಯ ಸಂಪಿಗೆ. ಅರ್ಧ ದೇವರಿಗಿಟ್ಟು ಉಳಿದರ್ಧವನ್ನು ಅತ್ತೆ ಫ್ಲಾಸ್ಕಿನೊಳಗೆ ಇಳಿಸಿ, ಮುಚ್ಚಳ ತಿರುಗಿಸಿ, ನನ್ನ ಕೈಗಿಟ್ಟರು.

"ಪದ್ಮಂಗೆ ಕೊಟ್ಬಿಟ್ಟು ಬಾ. ಇಬ್ರೂ ಬದುಕಿದೀವಿ ಅಂತ ಹೇಳು."